ನೂರಿಪ್ಪತ್ತು ತಿಂಗಳ ಮನುಷ್ಯ

ಇವತ್ತು ಬೆಳಗಿನಿಂದ ಇಷ್ಟು ಕೆಲಸವಾಯಿತು. ಮಗಳ ಶಾಲೆಯ ಜ್ವರದ ಹಾಳೆಯಲ್ಲಿ ಮೂವತ್ತಾರೂವರೆ ಡಿಗ್ರಿ ಎಂದು ಬರೆದು ಮುದ್ರೆ ಒತ್ತಿದೆ. ತೊಳೆದ ಮಾಸ್ಕುಗಳನ್ನು ಬಾಲ್ಕನಿಯಲ್ಲಿ ಕ್ಲಿಪ್ಪು ಹಾಕಿ ಒಣಗಿಸಿದೆ. ಖಾಲಿ ಹಾಲಿನ ಪೆಟ್ಟಿಗೆಗಳನ್ನು ತೊಳೆದು, ಕತ್ತರಿಸಿ, ಚಪ್ಪಟೆ ಮಾಡಿ, ದಾರ ಕಟ್ಟಿ ಕಸದ ದಿನಕ್ಕೆ ಸಿದ್ಧ ಮಾಡಿದೆ. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದೆ. ಘಾಟು ಪಕ್ಕದ ಮನೆಯ ಅಜ್ಜಿಗೆ ತಗಲಿ ಆಕೆ ಕೆಮ್ಮಿ, ಕೆಮ್ಮಿದ್ದಕ್ಕೆ ಇಡೀ ಕಟ್ಟಡ ಗಾಬರಿಯಾಗದಿರಲಿ ಎಂದು ಎಲ್ಲ ಕಿಟಕಿ ಮುಚ್ಚಿ ನಾನೇ ಕೆಮ್ಮಿದೆ. ನಿನ್ನೆ ಎರಡನೇ ಲಸಿಕೆ ಹಾಕಿಸಿಕೊಂಡು ಇವತ್ತು ಜ್ವರ ಬಂದು ಮಲಗಿರುವ ನಮ್ಮವರ ಹಣೆಗೆ ಒದ್ದೆ ಬಟ್ಟೆ ಹಾಕಿದೆ, ನಾಲ್ಕು ಸಲ. ಆಮೇಲೆ, ಜಪಾನಿಗೆ ಬಂದು ಒಂಬತ್ತೂವರೆ ವರ್ಷವಾದ ಮೇಲೆ ಮೊದಲ ಸಲ, ನನ್ನ ಹೆಸರಿಗೆ ಬಂದ ಸರ್ಕಾರಿ ಕಾಗದವನ್ನು ನಾನೇ ತೆರೆದೆ.

ಕಾಗದ ತೆರೆಯುವುದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ನೀವು ನಮ್ಮವರನ್ನು ನೋಡಿಲ್ಲ, ಅದಕ್ಕೆ ಕೇಳುತ್ತೀರಿ!

ಲೋಕದ ಗಂಡಸರು ಮುಪ್ಪು ಬರುತ್ತದೆಂದು ತಲೆಗೆ ಬಣ್ಣ ಹಚ್ಚುತ್ತಾರೆ, ಬೆಳಿಗ್ಗೆ ಎದ್ದು ಓಡುತ್ತಾರೆ. ನಮ್ಮವರು ಹಾಗಲ್ಲ. ಬಾಳೆಗೊನೆ ತೂಗುಹಾಕಿ ಯಾವಾಗ ಹಣ್ಣಾಗುತ್ತದೋ ಎಂದು ದಿನಾ ಒತ್ತಿ ನೋಡುವವರ ಹಾಗೆ ತಮ್ಮ ಮುಪ್ಪಿಗಾಗಿ ಕಾಯುತ್ತಾರೆ. ಅರವತ್ತೈದು ತುಂಬುವುದು ಯಾವ ವಾರ ಎಂಬುದು ಇವರಿಗೆ ಗೊತ್ತು. ನಮ್ಮ ಮದುವೆಯ ತಾರೀಖು ಯಾವುದು ಎಂದು ಮಾತ್ರ ಕೇಳಬೇಡಿ.

ವಿಷಯ ಇಷ್ಟೇ. ಇವರು ಫುಕುವೋಕಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಇಲ್ಲಿ ಕೆಲಸ ಮಾಡುವವರ ಸಂಬಳದಿಂದ ತಿಂಗಳು ತಿಂಗಳು ಪಿಂಚಣಿಗೆಂದು ಹಿಡಿಯುತ್ತಾರೆ. ಹಾಗೆ ನೂರಿಪ್ಪತ್ತು ತಿಂಗಳು, ಅಂದರೆ ಹತ್ತು ವರ್ಷ, ಲೆಕ್ಕಕ್ಕೆ ಬಿದ್ದರೆ ಮುಪ್ಪಿನಲ್ಲಿ ಸಾಯುವ ತನಕ ಪಿಂಚಣಿ. ಅಷ್ಟು ತುಂಬದೆ ಊರಿಗೆ ಹೊರಟರೆ ಕೈಗೆ ಒಂದಿಷ್ಟು ಕೊಟ್ಟು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಎಷ್ಟು ತಿಂಗಳಾಯಿತು ಎಂದು ತಿಳಿಸಲು ವರ್ಷಕ್ಕೊಮ್ಮೆ, ಹುಟ್ಟಿದ ತಿಂಗಳ ಸುಮಾರಿಗೆ, ಮೂರು ಮಡಿಕೆಯ ಅಂಟಿಸಿದ ಕಾರ್ಡೊಂದು ಅಂಚೆಯಲ್ಲಿ ಬರುತ್ತದೆ. ಮೂಲೆ ಹಿಡಿದು ಸುಲಿದರೆ ಒಳಗೆ ಸಂಖ್ಯೆಗಳು. ನನ್ನ ಹೆಸರಿಗೂ ಒಂದು ಬರುತ್ತಿತ್ತು. ಹೆಂಡತಿಗೂ ಒಂದು ಪ್ರತಿ ಕಳಿಸುತ್ತಾರೆ, ಗಂಡನ ಮೇಲೆ ಕಣ್ಣಿಟ್ಟಿರಲಿ ಎಂದಿರಬೇಕು ಅಂದುಕೊಂಡಿದ್ದೆ. "ಇದು ನನ್ನ ಡಿಪಾರ್ಟ್‌ಮೆಂಟು, ನಿನಗ್ಯಾಕೆ" ಎಂದು ಇವರು ಅದನ್ನೂ ತೆಗೆದುಕೊಂಡು ನೀಲಿ ಫೈಲಿಗೆ ಸೇರಿಸುತ್ತಿದ್ದರು. ನಾನೂ ಬಿಟ್ಟಿದ್ದೆ. ನನ್ನ ಡಿಪಾರ್ಟ್‌ಮೆಂಟಿನಲ್ಲಿ ಸಿಂಕು ಕಟ್ಟಿಕೊಂಡಿರುತ್ತಿತ್ತು.

ಆದರೆ ಒಂದು ವರ್ಷದಿಂದ ಈ ನೂರಿಪ್ಪತ್ತು ನನ್ನ ಗಂಟಲಿಗೂ ಸಿಕ್ಕಿಕೊಂಡಿತ್ತು. ಮೈಸೂರಿನಲ್ಲಿ ನನ್ನ ತಂಗಿ ವೀಣಾ ಕಳೆದ ವರ್ಷದ ಲಾಕ್‌ಡೌನಿನಲ್ಲಿ ಕೊರೋನಾ ಬಂದು ಬಾಗಿಲು ಹಾಕಿಕೊಂಡವರ ಮನೆಗಳಿಗೆ ಊಟ ಕಳಿಸಲು ಶುರುಮಾಡಿದಳು. ಹತ್ತು ಡಬ್ಬಿ ಇದ್ದದ್ದು ಅರವತ್ತಾಯಿತು. ಈಗ ಒಂದು ಅಡಿಗೆಮನೆ ಬಾಡಿಗೆಗೆ ಹಿಡಿದು, ಊಟದ ಜೊತೆ ಪುಡಿ, ಹಪ್ಪಳ, ಸಂಡಿಗೆಯನ್ನೂ ಮಾಡೋಣ, ಪಾಲುದಾರಳಾಗಿ ಬಾ ಎಂದು ನನ್ನನ್ನು ಕರೆಯುತ್ತಿದ್ದಳು. ನನಗೋ ಬೇರೆ ಆಸೆಯೇ ಇರಲಿಲ್ಲ. ದೇವರು ಕೊಟ್ಟ ಹಾಗೆ ಇವರ ಕಂಪನಿಯೂ ಬೆಂಗಳೂರಿನಲ್ಲಿ ಶಾಖೆ ತೆರೆದು, ಹೋಗುತ್ತೀರಾ, ವಾರಕ್ಕೆರಡು ದಿನ ಆಫೀಸಿಗೆ ಬಂದರೆ ಸಾಕು, ಉಳಿದಂತೆ ಮೈಸೂರಿನ ಮನೆಯಿಂದಲೇ ಕೆಲಸ ಮಾಡಿ ಎಂದು ಕೇಳಿತು. ಬೇರೆ ಗಂಡಸಾಗಿದ್ದರೆ ಅವತ್ತೇ ಪೆಟ್ಟಿಗೆ ಕಟ್ಟುತ್ತಿದ್ದ. ನಮ್ಮವರು ಏನೆಂದರು?

"ನೂರಿಪ್ಪತ್ತಾಗ್ಲಿ."

ಇಷ್ಟೇ! ದೇವಸ್ಥಾನದ ಅರ್ಚಕರು ಮಹಾಮಂಗಳಾರತಿಗೆ ಮುಂಚೆ ಎದ್ದು ಹೋಗುವವರನ್ನು ನೋಡುವ ಹಾಗೆ ನನ್ನನ್ನು ನೋಡಿ ಮತ್ತೆ ಲ್ಯಾಪ್‌ಟಾಪಿಗೆ ತಿರುಗಿದರು.

ಇಂಥ ಮನುಷ್ಯ ಹೇಗೆ ತಯಾರಾದರು ಎಂಬುದಕ್ಕೆ ಹೊಳೆನರಸೀಪುರದ ಶಾಲೆಗೆ ಹೋಗಬೇಕು. ಇವರು ಹುಟ್ಟಿದ್ದು ಫೆಬ್ರವರಿಯಲ್ಲಿ, ಶಿವರಾತ್ರಿಯ ಹಿಂದೆಮುಂದೆ. ಒಂದನೇ ಕ್ಲಾಸಿಗೆ ಸೇರಿಸಲು ವಯಸ್ಸು ಸಾಲದೆಂದು ಹೆಡ್‌ಮಾಸ್ಟರು ಎಂಟು ತಿಂಗಳು ಹಿಂದಕ್ಕೆ ತಳ್ಳಿ ಜೂನ್ ಒಂದು ಎಂದು ಬರೆದುಕೊಂಡರು. ಇವರೊಬ್ಬರದೇ ಅಲ್ಲ, ಆ ತರಗತಿಯಲ್ಲಿ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಹೊರಗಿನವರು ಆ ರಿಜಿಸ್ಟರು ನೋಡಿದರೆ ಅದರ ಹಿಂದಿನ ಸೆಪ್ಟೆಂಬರಿನಲ್ಲಿ ಊರಿನಲ್ಲಿ ಅಂಥದ್ದೇನು ನಡೆಯಿತು ಎಂದು ಯೋಚಿಸಬೇಕು!

ಈ ಎಂಟು ತಿಂಗಳ ಸಾಲ ಜಪಾನಿನಲ್ಲಿ ತೀರಿಸಬೇಕಾಗಿ ಬಂತು. ಇಲ್ಲಿ ನಲವತ್ತು ತುಂಬಿದವರಿಂದ ಇನ್ನೊಂದು ವಿಮೆಗೂ ಹಿಡಿಯುತ್ತಾರೆ. ಮುದುಕರಾಗಿ ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರ ಖರ್ಚಿಗೆ. ಇವರ ಸಂಬಳದ ಚೀಟಿಯಲ್ಲಿ ಅದು ಕಾಣಿಸಿಕೊಂಡ ದಿನ ಮನೆಯಲ್ಲಿ ಸೂತಕದ ಕಳೆ. ನಿಜವಾದ ವಯಸ್ಸು ಮೂವತ್ತೊಂಬತ್ತು ಚಿಲ್ಲರೆ! ಸಾಲದ್ದಕ್ಕೆ ಜೂನಿನಿಂದಲೂ ಅಲ್ಲ, ಮೇ ತಿಂಗಳಿನಿಂದಲೇ ಹಿಡಿದಿದ್ದರು. ವಿಚಾರಿಸಿದರೆ, ಇಲ್ಲಿನ ಕಾನೂನಿನಲ್ಲಿ ಮನುಷ್ಯನಿಗೆ ವಯಸ್ಸು ತುಂಬುವುದು ಹುಟ್ಟುಹಬ್ಬದ ಹಿಂದಿನ ದಿನವಂತೆ. ಜೂನ್ ಒಂದರವರು ಮೇ ಮೂವತ್ತೊಂದಕ್ಕೇ ನಲವತ್ತಾಗಿಬಿಡುತ್ತಾರೆ, ಹಾಗಾಗಿ ಮೇ ತಿಂಗಳೂ ಸೇರಿತು.

"ಹೆಡ್‌ಮಾಸ್ಟರು ಎಂಟು ತಿಂಗಳು ತಿಂದ್ರು, ಇವ್ರು ಒಂದು ತಿಂಗಳು ತಿಂದ್ರು!" ಎಂದು ಇವರು ಮಧ್ಯಾಹ್ನದ ಊಟ ಬಿಟ್ಟರು.

"ಹಾಗಾದ್ರೆ ಪಿಂಚಣಿನೂ ಅಷ್ಟು ಮುಂಚೆನೇ ಶುರುವಾಗುತ್ತಲ್ವೇನ್ರೀ?" ಎಂದೆ, ಅನ್ನ ಆರಿಹೋಗುತ್ತದೆಂಬ ಚಿಂತೆಯಿಂದ.

ಆ ಮುಖದಲ್ಲಿ ದೀಪಾವಳಿ! ತಟ್ಟೆಯ ಮುಂದೆ ಕೂತವರೇ ಊರಿನ ಗೆಳೆಯನಿಂದ ನಂಬರು ಹಿಡಿದು, ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದ ಹೆಡ್‌ಮಾಸ್ಟರಿಗೆ ಫೋನು ಮಾಡಿಯೇಬಿಟ್ಟರು. "ಸರ್, ನೀವು ನನಗೆ ಜೂನ್ ಒಂದು ಕೊಟ್ಟಿದ್ರಿ, ತುಂಬ ಉಪಕಾರವಾಯ್ತು ಸರ್."

ಆ ಕಡೆಯಿಂದ ಮೇಷ್ಟ್ರು ತಣ್ಣಗೆ, "ಯಾವ ಬ್ಯಾಚಪ್ಪಾ? ನಾನು ನೂರಾರು ಜನಕ್ಕೆ ಹುಟ್ಟಿದ ದಿನ ಕೊಟ್ಟಿದೀನಿ" ಎಂದರು.

ಇನ್ನು ಹೆಸರಿನ ಕಥೆ. ನಮ್ಮ ಕಡೆ ಹೆಸರಿನ ಹಿಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಇರುತ್ತದಷ್ಟೆ. ಪಾಸ್‌ಪೋರ್ಟಿನವರು ಅದನ್ನು ಪೂರ್ತಿ ಬಿಡಿಸಿ ಬರೆಯಿರಿ ಎಂದರು. ಬರೆದರು. ಪರಿಣಾಮ ಏನಾಯಿತೆಂದರೆ, ಫುಕುವೋಕಾದಲ್ಲಿ ಇವರ ಮನೆತನದ ಹೆಸರು ಹೊಳೆನರಸೀಪುರ! ದಂತವೈದ್ಯರ ಷಾಪಿನಲ್ಲಿ ನರ್ಸು ಬಾಗಿಲಿಗೆ ಬಂದು, ಬಗ್ಗಿ, "ಹೊಳೆನರಸೀಪುರ ಸಾನ್", ಅಂದರೆ ಹೊಳೆನರಸೀಪುರ ಅವರೇ, ಎಂದು ಕರೆಯುತ್ತಾಳೆ. ಇಡೀ ತಾಲ್ಲೂಕಿಗೆ ಹಲ್ಲುನೋವು ಬಂದ ಹಾಗೆ ಇವರೊಬ್ಬರೇ ಎದ್ದು ಹೋಗುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಊರಿಲ್ಲ, ನನ್ನ ಹೆಸರಿನ ಮುಂದೆ ಇವರ ಹೆಸರಿದೆ. ಮಗಳದ್ದರಲ್ಲಿ ಎರಡೂ ಇವೆ, ಹಿಂದುಮುಂದಾಗಿ. ಅಪ್ಪ, ಅಮ್ಮ, ಮಗಳು ಮೂವರಿಗೂ ಮೂರು ಮನೆತನ! ಮೊದಲ ಸಲ ನಗರ ಕಚೇರಿಗೆ ಹೋದಾಗ ಕೌಂಟರಿನ ಹುಡುಗಿ ಮೂರು ಪಾಸ್‌ಪೋರ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕ್ಷಮೆ ಕೇಳುತ್ತಾ, ಬಹಳ ಮೆದುವಾಗಿ, "ಸುಮಿಮಾಸೆನ್, ನೀವು ಒಂದೇ ಮನೆಯಲ್ಲಿ ಇರುತ್ತೀರಾ?" ಎಂದು ಕೇಳಿದಳು.

"ಸದ್ಯಕ್ಕೆ ಹೌದು" ಎಂದೆ.

ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬರುವ ಆರೋಗ್ಯ ವಿಮೆಯ ಕಾಗದದ್ದು ಮಾತ್ರ ಬೇರೆಯೇ ಸಂಭ್ರಮ. ಯಾರು, ಯಾವ ತಿಂಗಳು, ಯಾವ ಡಾಕ್ಟರ ಹತ್ತಿರ, ಎಷ್ಟು ದಿನ ಹೋದರು, ಒಟ್ಟು ಎಷ್ಟಾಯಿತು, ಅದರಲ್ಲಿ ನಾವು ಕೊಟ್ಟದ್ದೆಷ್ಟು — ಮನೆಮಂದಿಯದೆಲ್ಲ ಒಂದೇ ಹಾಳೆಯಲ್ಲಿ. ಇವರು ಅವತ್ತು ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು, ನನ್ನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಓದುತ್ತಾರೆ. ಪಂಚಾಯ್ತಿ ಶುರು.

"ಮೇ ತಿಂಗಳು, ಚರ್ಮದ ಡಾಕ್ಟ್ರು, ಎರಡು ದಿನ. ಇದು ಯಾರು?"

"ನನಗೆ ಕೈ ಸೀಳಿತ್ತಲ್ರೀ, ಪಾತ್ರೆ ಸೋಪಿಗೆ."

"ಒಂದು ದಿನಕ್ಕೆ ಮುಗಿಸ್ಬಹುದಿತ್ತು. ಜುಲೈ, ಕಣ್ಣಿನ ಡಾಕ್ಟ್ರು. ಇದೇನಿದು ಹೊಸಾದು? ಯಾರು ಹೇಳ್ದೆ ಕೇಳ್ದೆ ಹೋದವರು?"

"ಅದು ನೀವು. ಬಸ್ಸಲ್ಲಿ ನಾನೇ ಕರ್ಕೊಂಡು ಹೋಗಿದ್ದೆ."

"ಓ. ಅದು ಅಗತ್ಯವಿತ್ತು."

ಹದಿಮೂರರ ಮಗಳು ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿ, "ಡ್ಯಾಡ್, ದಿಸ್ ಈಸ್ ಪ್ರೈವೇಟ್ ಡೇಟಾ!" ಎನ್ನುತ್ತಾಳೆ. ಇವರು ಕೇಳಿಸಿಕೊಳ್ಳದೆ ಅವಳ ಹಲ್ಲಿನ ಸಾಲಿಗೆ ಬರುತ್ತಾರೆ.

ಕೊರೋನಾದ ಮೊದಲ ವರ್ಷ ಕಳೆದು ಬಂದ ಹಾಳೆಯನ್ನು ನೋಡಬೇಕಿತ್ತು. ವರ್ಷವಿಡೀ ಮೂವರೂ ಮಾಸ್ಕು ಕಟ್ಟಿ, ಕೈ ತೊಳೆದು ತೊಳೆದು, ಮನೆಯೊಳಗೇ ಕೂತಿದ್ದೇವೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಹೊಟ್ಟೆನೋವಿಲ್ಲ. ಹಾಳೆಯಲ್ಲಿ ಎರಡೇ ಎರಡು ಸಾಲು, ಉಳಿದದ್ದು ಬಿಳಿ. ಊರಿನಲ್ಲಾದರೆ ತುಪ್ಪದ ದೀಪ ಹಚ್ಚುವ ಸುದ್ದಿ. ಇವರು ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಹನ್ನೆರಡು ತಿಂಗಳು ಪ್ರೀಮಿಯಂ ಕಟ್ಟಿದ್ದೀವಿ. ಮೂರು ಜನ ಇದೀವಿ. ಒಬ್ಬರಿಗಾದ್ರೂ ಒಂದು ಜ್ವರ ಬರಬಾರದಿತ್ತಾ?" ಎಂದರು.

ಅದೇ ವರ್ಷ ಸರ್ಕಾರ ಮನೆಗೆರಡರಂತೆ ಬಟ್ಟೆಯ ಮಾಸ್ಕು ಅಂಚೆಯಲ್ಲಿ ಕಳಿಸಿತ್ತು. ಜನ ಚಿಕ್ಕದಾಯಿತು ಎಂದು ನಕ್ಕರು, ಗೊಣಗಿದರು, ಕೆಲವರು ಹಾಕಿಕೊಂಡರು. ನಮ್ಮ ಮನೆಯವು ಎಲ್ಲಿ ಹೋದವು ಎಂದು ನಾನು ಒಂದು ವಾರ ಹುಡುಕಿದೆ. ಕೊನೆಗೆ ಸಿಕ್ಕಿದವು, ನೀಲಿ ಫೈಲಿನಲ್ಲಿ! ಪ್ಲಾಸ್ಟಿಕ್ ಹಾಳೆಯೊಳಗೆ, ಬಂದ ತಾರೀಖು ಬರೆದು, ಇವರ ಕಾರ್ಡುಗಳ ಪಕ್ಕದಲ್ಲಿ.

"ಮೂಗಿಗೆ ಹಾಕ್ಕೊಳ್ಳೋದನ್ನ ಫೈಲಿಗೆ ಹಾಕಿದೀರಲ್ರೀ!"

"ಸರ್ಕಾರದಿಂದ ಬಂದಿದ್ದು. ನಾಳೆ ಕೇಳಿದ್ರೆ?"

"ಯಾರು ಕೇಳ್ತಾರೆ? ಮಾಸ್ಕು ವಾಪಸ್ ಕೊಡಿ ಅಂತಾರಾ?"

"ಕೇಳಲ್ಲ ಅಂತ ನಿನಗೆ ಬರೆದು ಕೊಟ್ಟಿದಾರಾ?"

ಇಂಥವರ ಜೊತೆ ವಾದ ಮಾಡುವುದಕ್ಕಿಂತ ಇಡ್ಲಿ ಹಿಟ್ಟಿಗೆ ನೆನೆಹಾಕುವುದು ಮೇಲು ಎಂದು ಎದ್ದು ಹೋದೆ.

ಮನೆಯಿಂದಲೇ ಕೆಲಸ ಎಂದಾದ ಮೇಲೆ ಇನ್ನೊಂದು ಶುರುವಾಯಿತು: ಪಿಂಚಣಿ ಕಚೇರಿಗೆ ಫೋನು. ಕಳೆದ ವರ್ಷ ನನ್ನ ಕಾರ್ಡು ಬಂದ ಸೆಪ್ಟೆಂಬರಿನಲ್ಲೇ ಇರಬೇಕು, ಒಂದು ದಿನ ಇವರು ಮುಖ ಸಣ್ಣ ಮಾಡಿಕೊಂಡು, "ಹದಿನಾಲ್ಕು ತಿಂಗಳು ಕಾಣೆಯಾಗಿದೆ" ಎಂದರು. ಹಸು ಕಳೆದುಕೊಂಡವರ ದನಿ. ನನಗಿಂತ ಮೊದಲೇ ಬಂದ ಇವರಿಗೆ ಹತ್ತು ವರ್ಷವಾಯಿತಲ್ಲ, ಇನ್ನೂ ಏಕೆ ನೂರಿಪ್ಪತ್ತಾಗಿಲ್ಲ ಎಂದು ನನಗಿದ್ದ ಅನುಮಾನಕ್ಕೆ ಉತ್ತರ ಸಿಕ್ಕಿತು. ಹೆಸರು ಹಿಂದುಮುಂದಾಗಿ ಎರಡು ಕಡೆ ದಾಖಲಾಗಿದೆಯಂತೆ. ಶುರುವಿನ ಹದಿನಾಲ್ಕು ತಿಂಗಳು ಬೇರೆ ಯಾರದೋ ಲೆಕ್ಕವೆಂಬಂತೆ ಪ್ರತ್ಯೇಕ ಬಿದ್ದಿದೆಯಂತೆ. ಹೊಳೆನರಸೀಪುರವೇ ಮಾಡಿದ ಕಿತಾಪತಿ ಎಂದುಕೊಂಡೆ.

ಅಲ್ಲಿಂದ ಮಧ್ಯಾಹ್ನದ ಊಟದ ಹೊತ್ತು ಇವರ ಒಂದು ಕಿವಿ ಆ ಕಚೇರಿಯದು. ಫೋನು ಹಿಡಿದು ಕಾಯುವಾಗ ಕೇಳಿಸುವ ಟಿಂಟಿಣಿ ಸಂಗೀತ ನನಗೂ ಬಾಯಿಪಾಠವಾಯಿತು; ಸಾಂಬಾರಿಗೆ ಒಗ್ಗರಣೆ ಹಾಕುವಾಗ ಅದನ್ನೇ ಗುನುಗುತ್ತಿದ್ದೆ. ಆ ಕಡೆ ಯಾರಾದರೂ ಸಿಕ್ಕರೆ ಇವರು ಕುರ್ಚಿಯಿಂದ ಎದ್ದು, ಗೋಡೆಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ಮಾತಾಡುತ್ತಿದ್ದರು. ಫೋನಿನಲ್ಲಿ ಬಗ್ಗಿದರೆ ಯಾರಿಗೆ ಕಾಣುತ್ತದೆ ಎಂದು ಕೇಳಿದರೆ, "ದನಿಯಲ್ಲಿ ಗೊತ್ತಾಗುತ್ತೆ" ಎನ್ನುತ್ತಿದ್ದರು. ಅವರು ಒಂದು ಕಾಗದ ಕೇಳುತ್ತಿದ್ದರು, ಇವರು ಮೂರು ಕಳಿಸುತ್ತಿದ್ದರು. ಹಳೆಯ ಪಾಸ್‌ಪೋರ್ಟಿನ ಪ್ರತಿ, ಮದುವೆಯ ಸರ್ಟಿಫಿಕೇಟಿನ ಅನುವಾದ, ಅಷ್ಟೇಕೆ, "ನಮ್ಮಲ್ಲಿ ಹೆಸರಿಡುವ ಪದ್ಧತಿ" ಎಂದು ಜಪಾನಿಯಲ್ಲಿ ಎರಡು ಪುಟದ ಪ್ರಬಂಧ! ಅದರಲ್ಲಿ ಬಾಣಗಳು, ಡಬ್ಬಿಗಳು, ಊರಿನ ನಕ್ಷೆ. ನಾನು ನೋಡಿ, "ಮೇಷ್ಟ್ರ ಫೋಟೋನೂ ಹಾಕ್ಬೇಕಿತ್ತು" ಎಂದೆ. ಕಾಣೆಯಾದ ತಿಂಗಳು ಬೇಗ ಸಿಗಲಿ, ಈ ಮನುಷ್ಯನಿಗೆ ಮುಕ್ತಿಯಾಗಲಿ, ನನಗೆ ಮೈಸೂರಾಗಲಿ ಎಂದು ಚಾಮುಂಡಿಗೆ ಹರಕೆಯನ್ನೂ ಹೊತ್ತೆ. ಗಂಡನ ಪಿಂಚಣಿಗೆ ಹರಕೆ ಹೊತ್ತ ಹೆಂಗಸು ಫುಕುವೋಕಾದಲ್ಲಿ ನಾನೊಬ್ಬಳೇ ಇರಬೇಕು.

ಆಗಸ್ಟಿನ ಕೊನೆಗೆ ವೀಣಾ ಹಟ ಹಿಡಿದಳು. ಕುವೆಂಪುನಗರದಲ್ಲಿ ಒಂದು ಜಾಗ ಸಿಕ್ಕಿದೆ, ಹಿಂದೆ ಬಾವಿಯಿದೆ, ಮೇಲೆ ಹಪ್ಪಳ ಒಣಹಾಕಲು ತಾರಸಿಯಿದೆ. ಮಾಲೀಕರು ಭಾನುವಾರದೊಳಗೆ ಹೇಳಿ ಎಂದಿದ್ದಾರೆ.

"ಅಕ್ಕಾ, ನೀನು ಬರ್ತೀಯೋ ಇಲ್ವೋ ಒಂದು ಮಾತು ಹೇಳು. ನೀನಿಲ್ದಿದ್ರೆ ಅತ್ತೆ ಮಗಳು ಪಾಲಿಗೆ ಬರ್ತೀನಿ ಅಂತಿದಾಳೆ. ಅವಳ ಸಾರು ನಿನಗೆ ಗೊತ್ತಲ್ಲ, ಬಿಸಿನೀರಿಗೆ ಹುಳಿ ತೋರಿಸಿರ್ತಾಳೆ."

"ನಿಮ್ಮ ಭಾವ ನೂರಿಪ್ಪತ್ತಾಗ್ಲಿ ಅಂತಾರೆ ಕಣೇ."

"ಭಾವ ಅಲ್ಲಿ ಪಿಂಚಣಿ ತಗೊಳ್ಳೋದ್ರೊಳಗೆ ನಾನಿಲ್ಲಿ ರಿಟೈರ್ ಆಗ್ತೀನಿ!" ಎಂದು ಫೋನಿಟ್ಟಳು.

ನಾನು ಜಗಳಗಂಟಿಯಲ್ಲ. ಆದರೆ ಆ ವಾರ ನಾಲ್ಕು ದಿನ ಇವರಿಗೆ ಕಾಫಿಯನ್ನು ಕೈಗೆ ಕೊಡಲಿಲ್ಲ, ಟೇಬಲ್ಲಿನ ಮೇಲಿಟ್ಟೆ. ಐದನೇ ದಿನ ಇವರು ಲಸಿಕೆ ಹಾಕಿಸಿಕೊಂಡು ಬಂದರು. ಇವತ್ತು ಶನಿವಾರ. ಬೆಳಿಗ್ಗೆ ಜ್ವರ ಇಲ್ಲಿನ ಲೆಕ್ಕದಲ್ಲಿ ಮೂವತ್ತೆಂಟು, ನಮ್ಮ ಲೆಕ್ಕದಲ್ಲಿ ನೂರು ದಾಟಿತ್ತು. ಕೊನೆಗೂ ಮನೆಯಲ್ಲಿ ಒಬ್ಬರಿಗೆ ಜ್ವರ ಬಂತಲ್ಲ, ಸಂತೋಷವಾಯಿತೇ ಎಂದು ಕೇಳೋಣವೆನಿಸಿತು, ಕೇಳಲಿಲ್ಲ.

ಹನ್ನೊಂದರ ಸುಮಾರಿಗೆ ಕೆಳಗೆ ಅಂಚೆಪೆಟ್ಟಿಗೆಯಲ್ಲಿ ನನ್ನ ಕಾರ್ಡು ಬಿದ್ದಿತ್ತು. ಇವರು ಏಳುವ ಸ್ಥಿತಿಯಲ್ಲಿರಲಿಲ್ಲ. ಕೋಪವೋ, ಮೆಣಸಿನಕಾಯಿ ಹುರಿದ ಖಾರವೋ, ಲಿಫ್ಟಿನಲ್ಲೇ ಮೂಲೆ ಹಿಡಿದು ಸುಲಿದುಬಿಟ್ಟೆ. ನೋಡೋಣ, ನನ್ನ ಜೀವ ತಿನ್ನುತ್ತಿರುವ ಈ ಪಿಂಚಣಿ ಎಷ್ಟಕ್ಕೆ ಬಂದಿದೆ ಅಂತ! ಒಳಗೆ ಸಾಲು ಸಾಲು ಅಕ್ಷರ. ಒಂಬತ್ತೂವರೆ ವರ್ಷದಲ್ಲಿ ಸಂತೆಗೆ ಸಾಕಾಗುವಷ್ಟು ಓದಲು ಕಲಿತಿದ್ದೇನೆ. ಮೇಲೆ ಇದ್ದದ್ದು ನನ್ನ ಹೆಸರು. ಕೆಳಗೆ ಒಂದು ಚೌಕದಲ್ಲಿ ನೂರಾ ಹನ್ನೊಂದು ತಿಂಗಳು.

ಹಾಸಿಗೆಯ ಹತ್ತಿರ ಹೋಗಿ ನಿಂತೆ. "ರೀ, ಇದರಲ್ಲಿ ನನ್ನ ಹೆಸರಿದೆ."

ಕಣ್ಣು ಮುಚ್ಚಿಕೊಂಡೇ, "ನಿನ್ನ ಕಾರ್ಡಲ್ಲಿ ನಿನ್ನ ಹೆಸರಿಲ್ದೆ ಪ್ರಧಾನಿ ಹೆಸರಿರುತ್ತಾ?" ಎಂದರು.

"ನೂರಾ ಹನ್ನೊಂದು ಅಂತಿದೆ."

ಮೂವತ್ತೆಂಟು ಡಿಗ್ರಿಯ ಮನುಷ್ಯ ಎದ್ದು ಕೂತರು! ಹಣೆಯ ಒದ್ದೆ ಬಟ್ಟೆ ತೊಡೆಯ ಮೇಲೆ ಬಿತ್ತು. "ಎಷ್ಟು? ಸರಿಯಾಗಿ ನೋಡು. ತೊಂಬತ್ತೇಳಲ್ವಾ?"

"ನೂರಾ ಹನ್ನೊಂದು."

ಕಾರ್ಡು ಕಿತ್ತುಕೊಂಡು ಕಣ್ಣಿಗೆ ಅಂಟಿಸಿಕೊಂಡು ನೋಡಿದರು. ಆಮೇಲೆ ಮೆಲ್ಲಗೆ ಹಿಂದಕ್ಕೊರಗಿ, "ಸೇರ್ಸಿದಾರೆ ಕಣೇ. ಹದಿನಾಲ್ಕೂ ಸೇರ್ಸಿದಾರೆ" ಎಂದರು. ಗೋಡೆಯ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿರುವ ಹಾಗೆ, "ಅರಿಗಾತೋ" ಎಂದು ಧನ್ಯವಾದವನ್ನೂ ಹೇಳಿದರು.

"ಯಾರ ಹದಿನಾಲ್ಕು?"

ನಾನು ಹೋಗಿ ನೀಲಿ ಫೈಲು ತಂದೆ. ಮಾಸ್ಕು ದಾಟಿದರೆ ಇವರ ಕಾರ್ಡುಗಳು. ಜೂನಿನಲ್ಲಿ ಬಂದದ್ದರಲ್ಲಿ ನೂರಾ ಇಪ್ಪತ್ತೆಂಟು. ನೂರಿಪ್ಪತ್ತು ಯಾವತ್ತೋ ದಾಟಿದೆ. ಒಂದು ತಿಂಗಳೂ ಕಾಣೆಯಾಗಿಲ್ಲ! ಅದರ ಹಿಂದೆ ನನ್ನ ಕಾರ್ಡುಗಳು, ಒಂದೂ ತಪ್ಪದೆ, ಸುಲಿದು, ಇಸ್ತ್ರಿ ಮಾಡಿದ ಹಾಗೆ ಜೋಡಿಸಿದ್ದವು. ಕಳೆದ ವರ್ಷದ್ದರಲ್ಲಿ ಎಂಬತ್ತೈದು; ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ. ಕೊನೆಯಲ್ಲಿ ಒಂದು ಗ್ರಾಫ್ ಹಾಳೆ. ಮೇಲೆ ನನ್ನ ಹೆಸರು, ಕೆಳಗೆ ನೂರಿಪ್ಪತ್ತು ಚೌಕ.

"ನಾನು ಒಂದು ದಿನ ಕೆಲಸಕ್ಕೆ ಹೋದವಳಲ್ಲ. ನನಗೆಲ್ಲಿಯ ಪಿಂಚಣಿ?"

"ಕೆಲಸಕ್ಕೆ ಹೋಗೋರ ಮನೆ ನೋಡ್ಕೊಳ್ಳೋ ಹೆಂಡತಿಗೂ ಇಲ್ಲಿ ತಿಂಗಳು ಲೆಕ್ಕಕ್ಕೆ ಹಿಡೀತಾರೆ. ಕಟ್ಟೋದೇನಿಲ್ಲ, ಬರ್ಕೊಳ್ತಾರೆ ಅಷ್ಟೇ. ನಿನ್ನ ಹೆಸರನ್ನ ಮೊದಲು ನಾನೇ ಹಿಂದುಮುಂದಾಗಿ ತುಂಬಿಸಿದ್ದು. ಫಾರಂ ತುಂಬಿಸೋವಾಗ ನನ್ನ ಹೆಸರನ್ನೇ ನಿನ್ನ ಹೆಸರಿನ ಜಾಗದಲ್ಲಿ ಬರೆದಿದ್ದೆ." ಜ್ವರದಲ್ಲೂ ಈ ಮನುಷ್ಯನಿಗೆ ವಿವರ ಬೇಕು! "ಕಾರ್ಡು ಬರೋದ್ರೊಳಗೆ ಎರಡು ತಿಂಗಳು ಹಳೇದಾಗಿರುತ್ತೆ. ಈಗ ನೂರಾ ಹದಿಮೂರು. ಮಾರ್ಚಿಗೆ ಮುಗಿಯುತ್ತೆ."

"ಅರವತ್ತೈದಕ್ಕೆ ನನಗೆಷ್ಟು ಬರುತ್ತೆ?"

"ತಿಂಗಳಿಗೆ... ಈಗ ನಮಗೆ ಬರೋ ಕರೆಂಟ್ ಬಿಲ್ಲು, ನೀರಿನ ಬಿಲ್ಲು. ಎರಡಕ್ಕೆ ಸಾಕು."

"ಕರೆಂಟ್ ಬಿಲ್ಲಿಗೋಸ್ಕರ ನನ್ನ ತಂಗಿ ಅಡಿಗೆಮನೆ ತಪ್ಪಿಸ್ತಿದ್ರಾ!"

ಇವರು ಒದ್ದೆ ಬಟ್ಟೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು. "ಬ್ಯಾಂಕಿನ ಫಾರಮ್ಮಲ್ಲಿ ಉದ್ಯೋಗ ಅಂತಿರೋ ಕಡೆ ನೀನು ಗೆರೆ ಎಳೀತೀಯಲ್ಲ. ಪ್ರತಿ ಸಲ ಸ್ಕೇಲಿಟ್ಟ ಹಾಗೆ ನೆಟ್ಟಗೆ ಎಳೀತೀಯ. ನನಗೆ ಅದನ್ನ ನೋಡಕ್ಕಾಗಲ್ಲ. ಈ ಪಿಂಚಣಿಯವರೊಬ್ಬರು ಬರ್ಕೊಂಡಿದಾರೆ, ತಿಂಗಳು ತಿಂಗಳು, ನೀನು ಮಾಡಿದ್ದನ್ನ. ಅದರಲ್ಲಿ ಹದಿನಾಲ್ಕು ನನ್ನ ಕೈಯಿಂದ್ಲೇ ಕಳೆದುಹೋಯ್ತಲ್ಲ ಅಂತ..."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ, ನನಗ್ಯಾಕ್ರೀ ಅದೆಲ್ಲ, ನಡೀರಿ ಹೋಗೋಣ ಅಂತಿದ್ದೆ."

ಅನ್ನುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

"ಆದ್ರೂ ಕೇಳ್ಬೇಕಿತ್ತು" ಎಂದು ಇವರೇ ಹೇಳಿದರು. "ತಿಂಗಳು ಸಿಗ್ದೇ ಇದ್ರೆ ನಿನಗೆ ಆಸೆ ತೋರಿಸಿ ಕೆಡಿಸಿದ ಹಾಗಾಗ್ತಿತ್ತು ಅಂತ ಸುಮ್ಮನಿದ್ದೆ. ಈ ಕಾರ್ಡು ಸರಿಯಾಗಿ ಬಂದ್ರೆ ಏಪ್ರಿಲ್‌ಗೆ ಬೆಂಗಳೂರಿಗೆ ಹೋಗ್ತೀನಿ ಅಂತ ಮೊರಿ ಸಾನ್‌ಗೆ ಹೇಳಿದ್ದೆ. ಸೀಟು ಇಟ್ಟಿರ್ತೀನಿ ಅಂದಿದಾರೆ." ಮೊರಿ ಸಾನ್ ಎಂದರೆ ಇವರ ಮ್ಯಾನೇಜರು. ನನ್ನ ಊರಿಗೆ ನಾನು ಯಾವಾಗ ಹೋಗುತ್ತೇನೆಂಬುದು ನನಗಿಂತ ಮೊದಲು ಅವರಿಗೆ ಗೊತ್ತು!

ಬೈಯಬೇಕೆಂದು ಬಾಯಿ ತೆರೆದೆ. ಜ್ವರದಿಂದ ಕೆಂಪಾದ ಮುಖ, ಹೆಗಲಿಗೆ ಅಂಟಿಸಿದ ಲಸಿಕೆಯ ಪಟ್ಟಿ, ಎದೆಯ ಮೇಲೆ ಎರಡೂ ಕೈಯಲ್ಲಿ ನನ್ನ ಕಾರ್ಡು. ಇವರು ಗೋಡೆಗೆ ಬಗ್ಗಿ ಬಗ್ಗಿ ಒಂದು ವರ್ಷ ಕೇಳಿದ್ದು ನನ್ನ ತಿಂಗಳುಗಳನ್ನು. ಆ ಎರಡು ಪುಟದ ಪ್ರಬಂಧದಲ್ಲಿ ಬಾಣ ಎಳೆದು ವಿವರಿಸಿದ್ದು ನನ್ನ ಹೆಸರನ್ನು. ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ತಂದು ಹಣೆಗೆ ಹಾಕಿದೆ. ಅದು ಐದನೆಯ ಸಲ. ಮೇಲಿನ ಪಟ್ಟಿಗೆ ಸೇರಿಸಿಕೊಳ್ಳಿ.

ಮಧ್ಯಾಹ್ನ ಊರಿನಲ್ಲಿ ಬೆಳಗಾದ ಮೇಲೆ ವೀಣಾಗೆ ಫೋನು ಮಾಡಿ ಎಲ್ಲ ಹೇಳಿದೆ. ನೂರಾ ಹದಿಮೂರು, ಇನ್ನು ಏಳು, ಏಪ್ರಿಲ್. ಏಳು ತಿಂಗಳು ಬಾಡಿಗೆ ಕಟ್ಟಿ ಒಬ್ಬಳೇ ಒಲೆ ಹಚ್ಚುವುದು ಸಣ್ಣ ಮಾತಲ್ಲ. ಅತ್ತೆಯ ಮಗಳೇ ಆಗಲಿ ಎಂದರೆ ನಾನು ಏನೂ ಅನ್ನುವ ಹಾಗಿರಲಿಲ್ಲ.

"ಅಕ್ಕಾ, ನಿನ್ನ ಹೆಸರಿಗೆ ಪಿಂಚಣಿನಾ?"

"ಹೂಂ ಕಣೇ. ಕರೆಂಟ್ ಬಿಲ್ಲಿನಷ್ಟು."

"ನಮ್ಮ ಮನೇಲಿ ಹೆಂಗಸರ ಹೆಸರಿಗೆ ಬಿಲ್ಲೇ ಬಂದಿಲ್ಲ, ಪಿಂಚಣಿ ಬರುತ್ತಂತೆ!" ಎಂದು ನಕ್ಕಳು. ನಗುವಿನ ಕೊನೆ ಸ್ವಲ್ಪ ಒದ್ದೆಯಾಗಿತ್ತು. "ನಾಳೆ ಅಡ್ವಾನ್ಸ್ ಕೊಡ್ತೀನಿ. ಬೋರ್ಡ್ ಮೇಲೆ ನಿನ್ನ ಹೆಸರೂ ಹಾಕಿಸ್ತೀನಿ. ಆದ್ರೆ ಬೇಸಿಗೆಯ ಸಂಡಿಗೆ ಕಾಲಕ್ಕೆ ನೀನು ತಾರಸಿ ಮೇಲಿರ್ಬೇಕು. ಅಲ್ಲೀವರೆಗೆ ಪುಡಿಗಳ ಅಳತೆ ಫೋನಲ್ಲಿ ಹೇಳು. ಭಾವನಿಗೆ ಫೋನ್ ಕೊಡು, ನಾಲ್ಕು ಮಾತು ಬೈಬೇಕು."

"ಜ್ವರ ಕಣೇ."

"ಹಾಗಾದ್ರೆ ಎರಡು ಮಾತು ಬೈತೀನಿ."

ಕೊಟ್ಟೆ. ಏನು ಬೈದಳೋ ತಿಳಿಯದು. ಇವರು, "ಹೂಂ... ಹೂಂ... ಇಲ್ಲಮ್ಮ... ಸುಮಿಮಾಸೆನ್" ಎನ್ನುತ್ತಿದ್ದದ್ದು ಕೇಳಿಸಿತು.

ಸಂಜೆ ಜ್ವರ ಇಳಿಯಿತು. ಮಗಳು ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಅಪ್ಪನಿಗೆ ಬಾರ್ಲಿ ಟೀ, ತನಗೆ ಪುಡಿಂಗು ತಂದಳು. ರಾತ್ರಿ ಮೆತ್ತಗೆ ಬೇಯಿಸಿದ ಅನ್ನ, ಬೆಳಿಗ್ಗೆ ಮಾಡಿದ ಪುಡಿಯ ತಿಳಿಸಾರು, ಸುಟ್ಟ ಹಪ್ಪಳ ಎರಡು. ಇವರು ಎರಡು ಸಲ ಸಾರು ಹಾಕಿಸಿಕೊಂಡರು, ಖಾರವಾಯಿತು ಎಂದರು, ಮೂರನೇ ಸಲವೂ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದದ್ದು ಇವರು, ಕನ್ನಡಕ ತೆಗೆಯದೆ. ಆಮೇಲೆ ಮಗಳು. ನಾನು ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಕನ್ನಡಕ ತೆಗೆದಿಟ್ಟು ಮಲಗಿದೆ.